ಮನೆ ವ್ಯಾಲ್ಯುಯೇಷನ್ ತಡವಾಗುವುದು ಎಲ್ಲಿ?

ಗೃಹಸಾಲಕ್ಕೆ ಅರ್ಜಿ ಹಾಕಿದವರ ಮನೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಿದು: “ವ್ಯಾಲ್ಯುಯರ್ ಬಂದು ನೋಡಿ ಹೋಗಿ ಎಷ್ಟೋ ದಿನವಾಯಿತು, ರಿಪೋರ್ಟ್ ಇನ್ನೂ ಬ್ಯಾಂಕಿಗೆ ಸೇರಿಲ್ಲ.” ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ಕೊಟ್ಟವರಿಗೆ ಒಂದೊಂದು ದಿನವೂ ಭಾರ. ಗಡುವು ಮೀರಿದರೆ ಕೊಟ್ಟ ದುಡ್ಡಿನ ಗತಿ ಏನೆಂಬ ಭಯ. ಈ ಆತಂಕದಲ್ಲಿ ಜನ ಮಾಡಬೇಕಾದ ಕೆಲಸ ಬಿಟ್ಟು ಬೇಡದ ಕೆಲಸಕ್ಕೆ ಓಡಾಡುತ್ತಾರೆ.

“ದಿನಾ ಫೋನ್ ಮಾಡಿದರೆ ರಿಪೋರ್ಟ್ ಬೇಗ ಬರುತ್ತದೆ”

ಬರುವುದಿಲ್ಲ. ಸಾಧಾರಣ ಮನೆಯೊಂದನ್ನು ಅಳೆದು, ಫೋಟೊ ತೆಗೆದು, ಅಕ್ಕಪಕ್ಕ ವಿಚಾರಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಹೊತ್ತು ಹಿಡಿಯುವುದು ಕಾಗದದಲ್ಲಿ ಇರುವ ಜಾಗ ಮತ್ತು ಕಣ್ಣೆದುರಿಗಿರುವ ಜಾಗ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ.

ಚಕ್ಕುಬಂದಿಯನ್ನೇ ನೋಡಿ. ಇಪ್ಪತ್ತೈದು ವರ್ಷದ ಹಿಂದಿನ ಕ್ರಯಪತ್ರದಲ್ಲಿ “ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಸೈಟ್ ನಂಬರ್ 14, ದಕ್ಷಿಣಕ್ಕೆ ಖಾಲಿ ಜಾಗ” ಎಂದಿರುತ್ತದೆ. ಈಗ ಜಮೀನು ಬಡಾವಣೆಯಾಗಿದೆ, ಖಾಲಿ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಪಕ್ಕದ ಸೈಟು ಎರಡು ಕೈ ಬದಲಾಯಿಸಿದೆ. ಹೀಗಿರುವಾಗ ಇದೇ ಆ ಸ್ವತ್ತು ಎಂದು ವ್ಯಾಲ್ಯುಯರ್ ಹೇಗೆ ಸಹಿ ಹಾಕಬೇಕು? ಪತ್ರದಲ್ಲಿ 30x40, ಟೇಪು ಹಿಡಿದರೆ ಒಂದು ಕಡೆ ಇಪ್ಪತ್ತೆಂಟೂವರೆ ಅಡಿ. ಖಾತೆಯಲ್ಲಿ ಒಂದು ನಂಬರು, ತೆರಿಗೆ ರಸೀದಿಯಲ್ಲಿ ಹಳೆಯ ನಂಬರು. ಇಂಥ ಒಂದೊಂದು ವ್ಯತ್ಯಾಸವೂ ಒಂದೊಂದು ಪ್ರಶ್ನೆಯಾಗಿ ಬ್ಯಾಂಕಿಗೆ ಹೋಗುತ್ತದೆ, ಬ್ಯಾಂಕಿನಿಂದ ನಿಮಗೆ ಬರುತ್ತದೆ, ನಿಮ್ಮಿಂದ ಮಾರುವವರಿಗೆ ಹೋಗುತ್ತದೆ. ಕಳೆದುಹೋಗುವ ದಿನಗಳೆಲ್ಲ ಈ ಓಡಾಟದಲ್ಲಿವೆ.

ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಮನೆಯವರು ಒಂದು ಸಂಜೆ ಕೂತು ಕ್ರಯಪತ್ರ, ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿ, ಮಂಜೂರಾದ ನಕ್ಷೆ ಇವನ್ನು ಅಕ್ಕಪಕ್ಕ ಇಟ್ಟು ಓದಬೇಕು. ಹೆಸರು, ಅಳತೆ, ನಂಬರು, ನಾಲ್ಕು ದಿಕ್ಕು ಎಲ್ಲದರಲ್ಲೂ ಒಂದೇ ಇದೆಯೇ? ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರ ನೋಂದಾಯಿಸಬೇಕಾಗುತ್ತದೆ. ಅದಕ್ಕೆ ಮೂಲ ಪತ್ರ ಬರೆದುಕೊಟ್ಟವರ ಸಹಿಯೂ ಬೇಕು. ಅವರು ಊರಲ್ಲಿಲ್ಲದಿದ್ದರೆ, ತೀರಿಕೊಂಡಿದ್ದರೆ ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಇಸಿ ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತದೆ. ಪಂಚಾಯಿತಿ ವ್ಯಾಪ್ತಿಯ ಸ್ವತ್ತಾದರೆ ಇ-ಸ್ವತ್ತಿನ ನಮೂನೆಗಳು ಬೇಕು. ಇವನ್ನೆಲ್ಲ ವ್ಯಾಲ್ಯುಯರ್ ಕೇಳಿದ ಮೇಲೆ ಹುಡುಕುವುದಲ್ಲ, ಅವರು ಬರುವ ಹಿಂದಿನ ದಿನವೇ ಒಂದು ಫೈಲಿನಲ್ಲಿ ಜೋಡಿಸಿ ಇಡುವುದು.

“ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆ”

ಬೆಲೆ ಕಟ್ಟುವ ಸಾಮಾನ್ಯ ಲೆಕ್ಕ ಹೀಗಿದೆ: ಮನೆಯಿರುವ ಬಡಾವಣೆಯಲ್ಲಿ ಇತ್ತೀಚೆಗೆ ನಡೆದ ವ್ಯವಹಾರಗಳ ಆಧಾರದ ಮೇಲೆ ನಿವೇಶನದ ಬೆಲೆ, ಅದಕ್ಕೆ ಕಟ್ಟಡವನ್ನು ಇಂದು ಕಟ್ಟಲು ತಗಲುವ ವೆಚ್ಚ, ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಡಿತ. ಹೊಸ ಬಣ್ಣ, ಸೋಫಾ, ಪರದೆಗಳಿಗೆ ಇಲ್ಲಿ ಜಾಗವೇ ಇಲ್ಲ. ಬಣ್ಣಕ್ಕಾಗಿ ಭೇಟಿಯನ್ನು ಎರಡು ವಾರ ಮುಂದೂಡಿದರೆ ಆ ಎರಡು ವಾರ ಪೂರ್ತಿ ನಷ್ಟ. ಗೋಡೆಯ ಬಿರುಕು, ಸೋರುವ ಚಾವಣಿ ಬೇರೆ ಮಾತು. ಅವನ್ನು ಸರಿಪಡಿಸಲೇಬೇಕು, ಬಣ್ಣದಡಿ ಮುಚ್ಚಬಾರದು.

“ಗೈಡೆನ್ಸ್ ವ್ಯಾಲ್ಯೂ ಇದೆಯಲ್ಲ, ಮತ್ತೆ ಅಳೆಯುವುದೇಕೆ?”

ಗೈಡೆನ್ಸ್ ವ್ಯಾಲ್ಯೂ ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಪ್ರದೇಶವಾರು ನಿಗದಿ ಮಾಡುವ ದರ. 2023ರ ಅಕ್ಟೋಬರ್ 1ರಂದು ಕರ್ನಾಟಕದಲ್ಲಿ ಅದರ ಪರಿಷ್ಕರಣೆ ಆಯಿತು. ಅದು ಬೀದಿಗೆ ದರ ಹೇಳುತ್ತದೆ, ನಿಮ್ಮ ಮನೆಗಲ್ಲ. ಮಾರುವವರು ಹೇಳಿದ ಬೆಲೆಯೂ ಬ್ಯಾಂಕಿನ ಬೆಲೆಯಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಸ್ವತ್ತಿನ ಮೌಲ್ಯದ ಶೇ 90 ಮೀರುವಂತಿಲ್ಲ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ನೀವು 80 ಲಕ್ಷಕ್ಕೆ ಒಪ್ಪಿದ ಮನೆಗೆ ವ್ಯಾಲ್ಯುಯರ್ 70 ಲಕ್ಷ ಬರೆದರೆ, 64 ಲಕ್ಷ ನಿರೀಕ್ಷಿಸಿದ ಕಡೆ ಸಿಗುವುದು ಹೆಚ್ಚೆಂದರೆ 56 ಲಕ್ಷ. ಆ 8 ಲಕ್ಷವನ್ನು ಕೊನೇ ಗಳಿಗೆಯಲ್ಲಿ ಹೊಂದಿಸಲು ಒದ್ದಾಡುವ ಕುಟುಂಬಗಳಿವೆ. ಅಡ್ವಾನ್ಸ್ ಕೊಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ.

“ನಮಗೆ ಗೊತ್ತಿರುವ ವ್ಯಾಲ್ಯುಯರ್ ಹತ್ತಿರ ಮಾಡಿಸಿಬಿಟ್ಟರಾಯಿತು”

ಸರ್ಕಾರದಲ್ಲಿ ನೋಂದಾಯಿತ ವ್ಯಾಲ್ಯುಯರ್ ಕೊಟ್ಟ ವರದಿ ಆದಾಯ ತೆರಿಗೆಗೆ, ವೀಸಾಕ್ಕೆ ಬಳಕೆಯಾಗುತ್ತದೆ. ಸಾಲಕ್ಕೆ ಮಾತ್ರ ಬ್ಯಾಂಕು ತನ್ನ ಪ್ಯಾನೆಲ್‌ನವರನ್ನೇ ಕಳಿಸುತ್ತದೆ. ಖಾಸಗಿಯಾಗಿ ಮಾಡಿಸಿದ ವರದಿಯಿಂದ ದಿನ ಉಳಿಯುವುದಿಲ್ಲ, ಶುಲ್ಕ ಎರಡು ಸಲ ಆಗುತ್ತದೆ.

“ಮೇಲಿನ ಕೋಣೆ ನಕ್ಷೆಯಲ್ಲಿಲ್ಲ, ಕೇಳಿದರೆ ಮಾತ್ರ ಹೇಳೋಣ”

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಇದೇ. ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದೇ ವ್ಯಾಲ್ಯುಯರ್ ಮೆಟ್ಟಿಲು ಹತ್ತುತ್ತಾರೆ. ನಕ್ಷೆಯಲ್ಲಿಲ್ಲದ ಅಂತಸ್ತನ್ನು, ಸೆಟ್‌ಬ್ಯಾಕ್ ಒತ್ತುವರಿಯನ್ನು ವರದಿಯಲ್ಲಿ ಬರೆಯಲೇಬೇಕು. ಆಮೇಲೆ ಕಡತ ಮೇಲಧಿಕಾರಿಗಳ ಮೇಜಿಗೆ ಹೋಗುತ್ತದೆ. ಕಟ್ಟಡ ಪೂರ್ಣಗೊಂಡ ಬಗೆಗಿನ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ಪರಿಶೀಲಿಸಿದ ಮೇಲೆಯೇ ಸಾಲ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಬ್ಯಾಂಕುಗಳಿಗೆ ಕಣ್ಣುಮುಚ್ಚಿ ಕೂರುವ ದಾರಿಯಿಲ್ಲ. ಇರುವುದನ್ನು ಮೊದಲ ದಿನವೇ ಬ್ಯಾಂಕಿನ ಅಧಿಕಾರಿಗೆ ಹೇಳಿದರೆ, ಆ ಭಾಗ ಬಿಟ್ಟು ಲೆಕ್ಕ ಹಾಕಬಹುದೇ ಇಲ್ಲವೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಭೇಟಿಯ ದಿನದ ಬಗ್ಗೆ ಒಂದು ಮಾತು. ಬಾಡಿಗೆದಾರರಿಗೆ ಮುಂಚೆಯೇ ತಿಳಿಸಿ, ಬೀಗ ಹಾಕಿದ ಕೋಣೆಯ, ತಾರಸಿಯ ಕೀಲಿ ಹೊಂದಿಸಿಡಿ. ಒಂದು ಬಾಗಿಲು ತೆರೆಯದಿದ್ದರೂ ಇನ್ನೊಂದು ಭೇಟಿ. ಜಾಗದ ಬಗ್ಗೆ ಗೊತ್ತಿರುವ ಹಿರಿಯರೊಬ್ಬರು ಜೊತೆಗಿದ್ದರೆ ಗಡಿ ತೋರಿಸುವುದು ಸಲೀಸು.

“ಒಮ್ಮೆ ಬರೆದ ಬೆಲೆ ಬದಲಾಗುವುದೇ ಇಲ್ಲ”

ಅಳತೆ ತಪ್ಪಾಗಿದ್ದರೆ, ಕಟ್ಟಡದ ವಯಸ್ಸು ಹೆಚ್ಚು ಬರೆದಿದ್ದರೆ ಕೇಳುವ ಹಕ್ಕು ನಿಮಗಿದೆ. ವ್ಯಾಲ್ಯುಯರ್ ಜೊತೆ ಜಗಳ ಬೇಡ, ಬ್ಯಾಂಕಿಗೆ ಲಿಖಿತವಾಗಿ ಕೊಡಿ. ತಪ್ಪು ಯಾವುದು ಎಂದು ಸಾಲಿನ ಸಮೇತ ತೋರಿಸಿ. ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದು ಲಗತ್ತಿಸಿದರೆ, ನಿಮ್ಮ ಮಾತನ್ನು ತೂಗಿ ನೋಡಲು ಬ್ಯಾಂಕಿನ ಕೈಯಲ್ಲಿ ಒಂದು ಆಧಾರ ಇರುತ್ತದೆ.