ಮರಳುತ್ತೇನೆಂದ ಮಾತಿಗೆ ಮೂರು ವರ್ಷದ ಬೆಲೆ

ಬಳ್ಳಾರಿಯಂಥ ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ಆಸ್ಪತ್ರೆಗಳಿಗೆ ತರಬೇತಿಗೆಂದು ಹೋಗುವ ವೈದ್ಯರಲ್ಲಿ ಹೆಚ್ಚಿನವರಿಗೆ ಸಿಗುವುದು ಜೆ-1 ವಿನಿಮಯ ವೀಸಾ. ಮರಳಿ ಬರುತ್ತೇನೆಂಬ ಲಿಖಿತ ಭರವಸೆ ಕೊಟ್ಟೇ ಅವರು ಹೊರಡಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಕಳೆಯದೆ ಎಚ್-1ಬಿ ಉದ್ಯೋಗ ವೀಸಾ ದೊರೆಯದು.

2024ರ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ ಕೌಶಲ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಾಗ ಅನೇಕ ಸಂಶೋಧಕರು ಈ ಷರತ್ತಿನಿಂದ ಪಾರಾದರು, ವೈದ್ಯರು ಪಾರಾಗಲಿಲ್ಲ. ಅವರಲ್ಲಿ ಹಲವರು ಹಿಡಿದ ದಾರಿ 1994ರಲ್ಲಿ ಆರಂಭವಾದ ಕಾನ್ರಾಡ್ ಯೋಜನೆ: ಅಲ್ಲಿನ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪಿದರೆ ವಿನಾಯಿತಿ, ಬಳಿಕ ಎಚ್-1ಬಿ. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿ ಮಾತ್ರ.

ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಿಗೆ ಒದಗಬಹುದಾಗಿದ್ದ ವರ್ಷಗಳು ಹೀಗೆ ಅಲ್ಲಿನ ರೋಗಿಗಳ ಪಾಲಾಗುತ್ತವೆ. ಭರವಸೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮಕ್ಕಳೂ ಹೆತ್ತವರೂ ಇದನ್ನೊಮ್ಮೆ ಯೋಚಿಸಲಿ.