ರಂಧ್ರದೊಳಗಿನಿಂದ ಕಂಡ ಭೂಗರ್ಭ

ಕಳೆದ ಬೇಸಿಗೆಯಲ್ಲಿ ನಮ್ಮ ಮೊರಬದ ಎರೆಭೂಮಿಯಲ್ಲಿ ನೆರೆಯ ರೈತರೊಬ್ಬರು ಬೋರು ಹೊಡೆಯಿಸಿದರು. ಹೊಲವನ್ನು ಒತ್ತೆಯಿಟ್ಟು ತಂದ ಹಣ. ಇರುಳೆಲ್ಲ ಯಂತ್ರವು ಗರ್ಜಿಸಿತು. ಮೊದಲು ಕರಿಯ ಮಣ್ಣು, ಬಳಿಕ ಬೂದುಬಣ್ಣದ ಹಿಟ್ಟು ಹಾರಿತು. ಬೆಳಗಾಗುವಷ್ಟರಲ್ಲಿ ನೀರೇನೋ ಬಂದಿತು. ಆದರೆ ಬರಿಯ ಉಪ್ಪು! ನವಲಗುಂದ ಸೀಮೆಯವರಿಗೆ ಇದು ಹೊಸದಲ್ಲ; ಆದುದರಿಂದಲೇ ನಮ್ಮ ಹಿರಿಯರು ಕೆರೆಯನ್ನು ನಂಬಿದ್ದರು. “ಮಾಸ್ತರ, ಒಳಗ ಏನೈತಿ ಅನ್ನೂದು ತಿಳಿಯೂದ ಇಲ್ಲೇನ್ರಿ?” ಎಂದು ಅವರು ಕೇಳಿದಾಗ ನಾವು ನಿರುತ್ತರರಾದೆವು.

ತಿಳಿಯುವ ಉಪಾಯವುಂಟು, ಆದರೆ ಆ ಬೋರಿನ ಬಗೆಯೇ ಬೇರೆ. ನೀರಿನ ಬೋರು ಕಲ್ಲನ್ನು ಕುಟ್ಟಿ ಹಿಟ್ಟುಮಾಡುವುದು. ಭೂಶಾಸ್ತ್ರಜ್ಞರಾದರೋ ಬಾಯಿಗೆ ವಜ್ರದ ಹರಳುಗಳನ್ನು ಕೂಡಿಸಿದ ಪೊಳ್ಳು ಕೊಳವೆಯನ್ನು ತಿರುಗಿಸುತ್ತ ಇಳಿಸುವರು. ನಡುವಿನ ಶಿಲೆಯು ಕೋಲಿನಾಕಾರದಲ್ಲಿ ಉಳಿದು ಮೇಲೆ ಬರುವುದು. ಆ ಕೋಲುಗಳನ್ನು ಆಳದ ಅನುಕ್ರಮದಿಂದ ಪೆಟ್ಟಿಗೆಗಳಲ್ಲಿ ಜೋಡಿಸಿಡುವರು. ಆಮೇಲೆ ರಂಧ್ರದೊಳಕ್ಕೆ ಉಪಕರಣಗಳನ್ನಿಳಿಸಿ ಉಷ್ಣವನ್ನೂ ಶಿಲೆಯಲ್ಲಿ ಶಬ್ದವು ಹರಿಯುವ ವೇಗವನ್ನೂ ಅಳೆಯುವರು.

ಮಹಾರಾಷ್ಟ್ರದ ಕೊಯ್ನಾ ಸೀಮೆಯಲ್ಲಿ ಈ ಕಾರ್ಯವು ಅಗತ್ಯವಾಗಿ ನಡೆಯಿತು. ಅಲ್ಲಿಯ ಜಲಾಶಯವು ೧೯೬೨ರಲ್ಲಿ ತುಂಬತೊಡಗಿತು. ೧೯೬೭ರ ಡಿಸೆಂಬರ್ ೧೧ರ ನಸುಕಿನ ಭೂಕಂಪದಲ್ಲಿ ಸುಮಾರು ಇನ್ನೂರು ಜನರು ಮಡಿದರು. ಅನಂತರವೂ ಅದೇ ಕಿರುಪ್ರದೇಶವು ನಡುಗುತ್ತಲೇ ಬಂದಿರುವುದು. ಕಾರಣವನ್ನು ಶೋಧಿಸಲು ಕೊರೆದ ರಂಧ್ರಗಳಲ್ಲಿ ರಾಸಾಟಿಯದರಲ್ಲಿ ೯೩೩ ಮೀಟರು, ಗೋಠಣೆಯದರಲ್ಲಿ ೧,೨೪೭ ಮೀಟರು ಇಳಿದ ಮೇಲೆ ಲಾವಾರಸದ ಕರಿಗಲ್ಲು ತಟ್ಟನೆ ಮುಗಿದು ಗ್ರಾನೈಟ್ ಜಾತಿಯ ಶಿಲೆ ದೊರೆಯಿತು. ಗೋಠಣೆಯ ರಂಧ್ರವು ೨೦೧೭ರಲ್ಲಿ ಮೂರು ಕಿಲೋಮೀಟರು ಮುಟ್ಟಿತು. ಮೇಲಿನ ಶಿಲೆಯ ವಯಸ್ಸು ಆರೂವರೆ ಕೋಟಿ ವರ್ಷ. ಕೆಳಗಿನದು ಇನ್ನೂರೈವತ್ತು ಕೋಟಿಗೂ ಮಿಕ್ಕಿದ್ದು. ನಡುವೆ ಯಾವ ಮರಳುಗಲ್ಲಿನ ಪದರವೂ ಇಲ್ಲ! ಅಷ್ಟು ಕಾಲದ ಲೆಕ್ಕವನ್ನು ಬರೆದ ಹಾಳೆಯೇ ಹರಿದುಹೋದಂತೆ ನಮಗೆ ತೋರಿತು.

ಕೋಲಾರದ ಚಿನ್ನದ ಗಣಿಯು ೨೦೦೧ರಲ್ಲಿ ಮುಚ್ಚಿತು. ಅದರ ಮೂರು ಕಿಲೋಮೀಟರಿನ ಆಳದಲ್ಲಿ ಬಂಡೆಯ ಉಷ್ಣವು ಸುಮಾರು ೬೫ ಡಿಗ್ರಿ. ಅಷ್ಟೇ ಆಳದಲ್ಲಿ ಲೋಕದ ಅನೇಕ ಕಡೆ ನೂರರ ಸಮೀಪಕ್ಕೆ ಹೋಗುವುದು. ಈ ತಂಪಾದ ಪುರಾತನ ನೆಲಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ನಮ್ಮ ಧಾರವಾಡದ್ದೇ.

ನೆರೆಯವರ ಬೋರಿನ ಹಿಟ್ಟು ಗಾಳಿಗೆ ಹೋಯಿತು. ಎಷ್ಟು ಅಡಿಗೆ ಬಣ್ಣ ತಿರುಗಿತು, ಎಷ್ಟಕ್ಕೆ ನೀರು ಬಂತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಈಗ ಅವರ ತಮ್ಮಂದಿರು ಪಕ್ಕದ ಹೊಲದಲ್ಲಿ ಹೊಡೆಯಿಸಲಿರುವರು. ಹತ್ತು ಅಡಿಗೊಮ್ಮೆ ಒಂದು ಹಿಡಿ ಹಿಟ್ಟನ್ನು ಪೊಟ್ಟಣಕಟ್ಟಿ ಆಳವನ್ನು ಬರೆಯಲು ನಾವು ಒಂದು ಹಳೆಯ ಹಾಜರಿ ಪುಸ್ತಕವನ್ನು ಕೊಟ್ಟು ಬಂದಿರುವೆವು.