ಎತ್ತಿದ ಕೈಗೆ ಠಾಣೆಯ ಅಂಜಿಕೆ ಯಾಕೆ?

ಲಾಯಿಲದಲ್ಲಿ ರಸ್ತೆ ಬದಿ ಅಂಗಡಿ ಇಟ್ಟವರಿಗೆ ಪರವೂರಿನವರ ಮುಖ ಹೊಸದಲ್ಲ. ಬೆಳ್ತಂಗಡಿ ದಾಟಿ ಉಜಿರೆಗೆ ಹೋಗುವ ಬಸ್ಸು, ಧರ್ಮಸ್ಥಳ ಯಾತ್ರಿಕರ ವ್ಯಾನು, ಚಾರ್ಮಾಡಿ ಘಾಟಿ ಹತ್ತಲಿರುವ ಲಾರಿ ಎಲ್ಲವೂ ಕಣ್ಣೆದುರೇ ಹಾದುಹೋಗುತ್ತವೆ. ದಾರಿ ತಪ್ಪಿದವನಿಗೆ ದಾರಿ ಹೇಳುವುದು, ಬಸ್ಸು ತಪ್ಪಿದ ಅಜ್ಜಿಗೆ ಬೆಂಚು ಬಿಟ್ಟುಕೊಡುವುದು, ಚಿಲ್ಲರೆ ಇಲ್ಲದವನಿಗೆ "ಇರಲಿ, ಇನ್ನೊಮ್ಮೆ ಬಂದಾಗ ಕೊಡಿ" ಅನ್ನುವುದು, ಇವೆಲ್ಲ ಯಾರೂ ಲೆಕ್ಕ ಇಡದ ಉಪಕಾರಗಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ತುಳುನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ರಸ್ತೆಯಲ್ಲಿ ಬೈಕೊಂದು ಅಡ್ಡ ಬಿದ್ದಿತೆನ್ನಿ. ನಿಮಿಷದೊಳಗೆ ಹತ್ತಿಪ್ಪತ್ತು ಜನ ಸೇರುತ್ತಾರೆ. "ಅಯ್ಯೋ ಪಾಪ!" ಎನ್ನುತ್ತಾರೆ. ಎತ್ತುವ ಕೈ ಮಾತ್ರ ಹಿಂದೆ ಸರಿಯುತ್ತದೆ.

"ಯಾಕೆ ಮಾರಾಯ್ರೆ ಸುಮ್ಮನೆ? ನಾಳೆ ಸ್ಟೇಷನ್, ನಾಡಿದ್ದು ಕೋರ್ಟು. ಅಂಗಡಿ ಯಾರು ನೋಡುವುದು?"

ಹೀಗೆನ್ನುವವರು ಕಲ್ಲು ಮನಸ್ಸಿನವರೇನಲ್ಲ. ದಿನದ ವ್ಯಾಪಾರ ನಂಬಿ ಬದುಕುವವರು. ಸಾಕ್ಷಿ ಹೇಳಲು ಅಲೆದವರ ಕತೆ ಕೇಳಿ ಹೆದರಿದವರು. ಆ ಹೆದರಿಕೆಗೆ ಹಿಂದೆ ಕಾರಣವೂ ಇತ್ತು.

ಕಾನೂನು ಬದಲಾಗಿದೆ

ಈಗ ಹಾಗಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲೇ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ, ಗಾಯಾಳು ಬದುಕದೆ ಹೋದರೂ, ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ಅವನ ಇಷ್ಟ. ಆಸ್ಪತ್ರೆಯವರು ಅವನನ್ನು ತಡೆದು ನಿಲ್ಲಿಸುವಂತೆಯೂ ಇಲ್ಲ, ದುಡ್ಡು ಕಟ್ಟು ಎನ್ನುವಂತೆಯೂ ಇಲ್ಲ.

ಇಷ್ಟೇ ಅಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಗೊತ್ತುಮಾಡಿತ್ತು. 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. ದುಡ್ಡಿಗಾಗಿ ಯಾರೂ ಓಡುವುದಿಲ್ಲ, ಆ ಮಾತು ಬೇರೆ. ಓಡಿದವನು ಅಪರಾಧಿಯಲ್ಲ ಎಂದು ಸರ್ಕಾರವೇ ಒಪ್ಪಿತಲ್ಲ, ಅದು ದೊಡ್ಡದು.

ಘಾಟಿಯ ಬುಡದ ಪಾಠ

ಇದೇ ಹೆದ್ದಾರಿಯಲ್ಲಿ ಮುಂದಕ್ಕೆ ಹೋದರೆ ಉಜಿರೆ, ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿ. ಅಲ್ಲಿಂದ ಮೇಲೆ ಮಂಜು, ಮಳೆ, ಕಡಿದಾದ ತಿರುವು. ಈ ಘಾಟಿಯಲ್ಲಿ ಅಪಘಾತಕ್ಕೆ ಸಿಕ್ಕವರ ನೆರವಿಗೆ ಓಡುತ್ತಿದ್ದ ಚಾರ್ಮಾಡಿಯ ಹಸನಬ್ಬರಿಗೆ 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಕಾನೂನಿನ ರಕ್ಷಣೆ ಇಲ್ಲದ ಕಾಲದಲ್ಲೂ ಬಿದ್ದವರನ್ನು ಎತ್ತುವ ಜನ ಈ ತಾಲೂಕಿನಲ್ಲಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಲಾಯಿಲದವರಿಗೆ ಒಂದು ಅನುಕೂಲವಿದೆ. ಬೆಳ್ತಂಗಡಿಯ ತಾಲೂಕು ಆಸ್ಪತ್ರೆ ಹತ್ತಿರವೇ ಇದೆ. ಆದರೆ ತಲೆಗೆ ದೊಡ್ಡ ಪೆಟ್ಟಾದವರು ಮಂಗಳೂರಿಗೇ ಹೋಗಬೇಕು. ಅದು ಸುಮಾರು 60 ಕಿಲೋಮೀಟರು. ಇಲ್ಲಿ "ನನಗ್ಯಾಕೆ" ಎಂದು ಕಳೆದ ಹತ್ತು ನಿಮಿಷ ಅಲ್ಲಿ ಜೀವಕ್ಕೇ ಕುತ್ತಾಗಬಹುದು.

ನೀರು ಕೊಡುವ ಮುಂಚೆ

ಉಪಕಾರಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ನಮ್ಮವರು ಮೊದಲು ಮಾಡುವ ಕೆಲಸವೆಂದರೆ ಬಿದ್ದವನ ಬಾಯಿಗೆ ನೀರು ಹೊಯ್ಯುವುದು. ಪ್ರಜ್ಞೆ ಇಲ್ಲದವನಿಗೆ ಆ ನೀರು ಉಸಿರುಗಟ್ಟಿಸಬಹುದು. ಬೆಲ್ಲ ನೀರಿನ ಊರಿನವರಿಗೆ ಕೈ ತಡೆಯಲು ಕಷ್ಟವೇ. ಆದರೂ ತಡೆಯಬೇಕು. ಮೊದಲು 108ಕ್ಕೆ ಫೋನು ಮಾಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಗುಮಾನಿಯಿದ್ದರೆ ಕೈಕಾಲು ಹಿಡಿದು ಎಳೆಯಬೇಡಿ. ಹಿಂದಿನಿಂದ ಬರುವ ವಾಹನಗಳಿಗೆ ಒಬ್ಬರು ಕೈ ಅಡ್ಡ ಹಿಡಿದು ನಿಂತರೆ ಅದೂ ಉಪಕಾರವೇ.

ಬಸ್ಸಿನಲ್ಲಿ ಕೂತವರಿಗೂ ಒಂದು ಮಾತು. ಗಾಯಾಳುವಿಗಾಗಿ ಡ್ರೈವರು ಬಸ್ಸು ನಿಲ್ಲಿಸಿದರೆ "ಟೈಮಿಂಗ್ ಹೋಯಿತು" ಎಂದು ಗೊಣಗಬೇಡಿ. ಇಂದು ರಸ್ತೆಯಲ್ಲಿ ಬಿದ್ದವನು ಯಾರ ಮನೆಯವನೋ. ನಾಳೆ ಎಲ್ಲೋ ಪರವೂರಿನಲ್ಲಿ ನಿಮ್ಮ ಮನೆಯವರು ಬಿದ್ದರೆ, ಎತ್ತುವವರೂ ಹೆಸರು ಗೊತ್ತಿಲ್ಲದವರೇ.